ಕೆಂಪು ಗೆರೆಯವರೆಗೆ

ನಾನು ಜುಗ್ಗ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದೆಲ್ಲ ಹುಟ್ಟಿದ್ದು ಅಲ್ಲಿಂದಲೇ. ಮಂಡಿ ಮೊಹಲ್ಲಾದಲ್ಲಿ ನಮ್ಮಪ್ಪನದು ಸೌದೆ ಡಿಪೋ ಇತ್ತು. ಮನೆಮನೆಗೆ ಗ್ಯಾಸ್ ಬಂದು ಆ ವ್ಯಾಪಾರ ಮುಳುಗುವ ತನಕ ನಾವು ಉಂಡದ್ದು, ಉಟ್ಟದ್ದು ಎಲ್ಲ ಸೌದೆಯಿಂದ. ಅಪ್ಪ ಬೆಳಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ತಕ್ಕಡಿಯ ಪಕ್ಕ ಬಂದು ಕೂರುತ್ತಿದ್ದರು. ಕೊಡಲಿ ಪೆಟ್ಟಿಗೆ ಸಿಡಿದ ಚಕ್ಕೆಗಳನ್ನು ನಾನೂ ಅಕ್ಕನೂ ಆಯ್ದು ಕುಕ್ಕೆಗೆ ತುಂಬಬೇಕು, ಅದು ಮನೆಯ ನೀರೊಲೆಗೆ. ಚಕ್ಕೆ ಆಯ್ದ ಮೇಲೆ ಉಳಿದ ಪುಡಿಯನ್ನು ಅವ್ವ ಗುಡಿಸಿ ಮೊರಕ್ಕೆ ತುಂಬುತ್ತಿದ್ದಳು, ಅದು ಮಾರನೆಯ ದಿನ ಒಲೆ ಹೊತ್ತಿಸಲು. ಮರ ದಂಡವಾಗುವುದನ್ನು ಕಂಡರೆ ನನಗೆ ಈಗಲೂ ಸಹಿಸಲಾಗುವುದಿಲ್ಲ.

ಡಿಪೋ ಮುಚ್ಚಿದ ಮೇಲೆ ನಾನು ಅಗ್ನಿಶಾಮಕ ದಳ ಸೇರಿದೆ. ಅಪ್ಪ ಆಗ, ಜೀವನವೆಲ್ಲ ಉರಿಯುವುದನ್ನು ಮಾರಿದ್ದಾಯಿತು, ಇನ್ನು ನೀನು ಆರಿಸು ಎಂದು ನಕ್ಕಿದ್ದರು. ಆದರೆ ಆರಿಸಿದ್ದು ಕಡಿಮೆ. ಜನ ನಮ್ಮನ್ನು ಬೆಂಕಿಯವರು ಎನ್ನುತ್ತಾರೆ. ಮೈಸೂರಿನಲ್ಲಿ ಏಪ್ರಿಲ್ ಬಂತೆಂದರೆ ನಾವು ಮರದವರು. ರಸ್ತೆಗೆ ನೆರಳಿರಲಿ ಎಂದು ಯಾವ ಕಾಲದಲ್ಲೋ ನೆಟ್ಟ ಮಳೆಮರ, ಗುಲ್‌ಮೊಹರ್‌ಗಳಿಗೆ ಈಗ ವಯಸ್ಸಾಗಿದೆ. ಬುಡದ ಸುತ್ತ ಕಾಂಕ್ರೀಟು, ಬೇರಿಗೆ ಜಾಗವಿಲ್ಲ. ಮೊದಲ ಮಳೆಯ ಗಾಳಿಗೆ ಒಂದೇ ಮಧ್ಯಾಹ್ನ ನಾಲ್ಕು ದಿಕ್ಕಿನಿಂದ ಫೋನು ಬರುತ್ತದೆ: ಕಾರಿನ ಮೇಲೆ ಬಿತ್ತು, ಗೇಟಿನ ಮೇಲೆ ಬಿತ್ತು, ಲೈಟು ಕಂಬದ ಮೇಲೆ ಬಿತ್ತು. ಮನುಷ್ಯನ ಮೇಲೆ ಬೀಳುವುದು ಅಪರೂಪ.

ಮೊದಲು ನಮ್ಮ ಬಳಿ ಇದ್ದದ್ದು ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸ. ಆಮೇಲೆ ಪೆಟ್ರೋಲಿನಲ್ಲಿ ಓಡುವ ಪವರ್ ಸಾ ಬಂತು, ಠಾಣೆಗೆ ಒಂದು. ಅದನ್ನು ಹಿಡಿಯುವುದನ್ನು ಕಲಿಸಲು ಯಾರೋ ಬಂದು ಅರ್ಧ ದಿನ ತೋರಿಸಿ, ಕಾಫಿ ಕುಡಿದು ಹೋದರು. ಅಷ್ಟೇ ತರಬೇತಿ. ಉಳಿದದ್ದನ್ನು ನಾವು ಬಿದ್ದ ಮರದ ಮೇಲೇ ಕಲಿಯಬೇಕಿತ್ತು, ಕೆಳಗೆ ಯಾರದೋ ಕಾರು, ಸುತ್ತ ಮೊಬೈಲು ಹಿಡಿದ ಜನ ಇರುವಾಗ. ನಮ್ಮವರು ಮಿಷನ್ ಶುರುಮಾಡಲು ದಾರ ಎಳೆದೂ ಎಳೆದೂ ಬೆವರುತ್ತಿದ್ದರು. ಅದು ಗುರ್ ಎಂದರೆ ಹೆದರಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕೊಯ್ಯುತ್ತಿದ್ದರು. ಅದನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ, ಅದು ನನ್ನ ಇನ್ನೊಂದು ಗುಣ.

ಠಾಣೆಯಲ್ಲೇ ವಾರಕ್ಕೆರಡು ದಿನ ಅಭ್ಯಾಸ ಮಾಡಿಸೋಣ ಎಂದು ನಾನು ಹೊರಟೆ. ಆಗ ನಾನು ಲೀಡಿಂಗ್ ಫೈರ್‌ಮನ್, ಅಂದರೆ ಒಂದು ಗಾಡಿಯ ಜನಕ್ಕೆ ಮೇಸ್ತ್ರಿಯಿದ್ದ ಹಾಗೆ. ಆದರೆ ಕೊಯ್ಯಲು ಮರ ಬೇಕಲ್ಲ? ಬಿದ್ದ ಮರವೆಲ್ಲ ಹರಾಜಿನ ಸೊತ್ತು. ನಾವು ಕೊಯ್ಯಬಹುದು, ಒಂದು ತುಂಡನ್ನೂ ಹೊತ್ತುಕೊಂಡು ಬರುವಂತಿಲ್ಲ. ಮೇಲಿನವರನ್ನು ಕೇಳಿದರೆ ಅಭ್ಯಾಸದ ಮರಕ್ಕೆ ಯಾವ ಬಾಬಿನಲ್ಲೂ ಹಣವಿಲ್ಲ ಎಂಬ ಉತ್ತರ. ಕಡೆಗೆ ಅಪ್ಪನ ಕಾಲದ ಗುರುತಿನ ಮರದ ಮಂಡಿಯವರೊಬ್ಬರ ಕೈಕಾಲು ಹಿಡಿದು, ಹುಳ ತಿಂದು ಮಾರಾಟಕ್ಕೆ ಬಾರದ ಎರಡು ದಿಮ್ಮಿ ತಂದೆ. ಮಂಡಿ ಮೊಹಲ್ಲಾದ ಗುಜರಿ ಅಂಗಡಿಯಿಂದ ಎರಡು ಮುರುಕಲು ಕಬ್ಬಿಣದ ಮಂಚ ತಂದು, ಕಾಲು ಕತ್ತರಿಸಿ, ಬೆಸುಗೆ ಹಾಕಿಸಿ, ಸೊಂಟದೆತ್ತರಕ್ಕೆ ದಿಮ್ಮಿ ಮಲಗಿಸುವ ಸ್ಟ್ಯಾಂಡ್ ಮಾಡಿಸಿದೆ. ಎಲ್ಲ ಸೇರಿ ಖರ್ಚು ಇಲ್ಲವೆಂದೇ ಹೇಳಬೇಕು.

ಮೊದಲ ದಿನವೇ ತಲೆನೋವು ಶುರುವಾಯಿತು. ಒಬ್ಬೊಬ್ಬನೂ ಒಂದೊಂದು ಬಿಲ್ಲೆ ಕೊಯ್ದು ಕೆಡವಿದ್ದಕ್ಕೆ ದಿಮ್ಮಿ ಒಂದು ಮೊಳ ಗಿಡ್ಡವಾಯಿತು. ಹೀಗೇ ಹೋದರೆ ಹದಿನೈದು ದಿನಕ್ಕೆ ಎರಡೂ ಮುಗಿಯುತ್ತವೆ. ಜೊತೆಗೆ ಮರ ದಾಟಿ ಬಂದ ಗರಗಸದ ಚೈನು ಕೆಳಗಿನ ಕಬ್ಬಿಣಕ್ಕೆ ತಾಗಿ ಹಲ್ಲು ಮೊಂಡಾಯಿತು. ಬಿಲ್ಲೆ ಒಬ್ಬನ ಕಾಲ ಮೇಲೆ ಬಿದ್ದು ಉಗುರು ಕಪ್ಪಾಯಿತು. ಆವತ್ತು ಮನೆಗೆ ಹೋದಾಗ ನನ್ನ ಹೆಂಡತಿ ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದಳು. ನಾಲ್ಕು ಸೀಳು, ಆದರೆ ತೊಟ್ಟು ಬಿಡುವ ಹಾಗಿಲ್ಲ. ಕಾಯಿ ಇಡಿಯಾಗಿಯೇ ಇರಬೇಕು. ನಾನು ಅವಳ ಕೈಯನ್ನೇ ನೋಡುತ್ತ ನಿಂತೆ. ಏನ್ ಹಂಗ್ ನೋಡ್ತೀರಾ, ಹಸಿವಾ ಎಂದು ಅವಳು ಕೇಳಿದ್ದು ನೆನಪಿದೆ.

ಮಾರನೆಯ ದಿನ ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟು ತೆಗೆದುಕೊಂಡು, ದಿಮ್ಮಿಯ ಉದ್ದಕ್ಕೂ ಮುಕ್ಕಾಲು ಆಳದಲ್ಲಿ ಎರಡೂ ಪಕ್ಕ ಒಂದು ಗೆರೆ ಎಳೆದೆ. ಗರಗಸ ಗೆರೆ ಮುಟ್ಟಿದ ಕೂಡಲೇ ನಿಲ್ಲಿಸಬೇಕು, ಹೊರಕ್ಕೆ ಎಳೆಯಬೇಕು, ಎರಡು ಹೆಜ್ಜೆ ಹಿಂದೆ ಸರಿಯಬೇಕು. ಆಮೇಲೆ ಮುಂದಿನವನ ಸರದಿ, ನಾಲ್ಕು ಬೆರಳು ಪಕ್ಕದಲ್ಲಿ. ಒಂದು ಕಡೆ ತುಂಬಿದರೆ ದಿಮ್ಮಿ ಹೊರಳಿಸಿ, ಹೊಸ ಗೆರೆ ಎಳೆದು, ಹಿಂಬದಿಯಲ್ಲಿ, ಗಾಯಗಳ ನಡುವೆ. ಹೀಗೆ ಹದಿನೈದು ದಿನಕ್ಕೆ ಮುಗಿಯುತ್ತಿದ್ದ ದಿಮ್ಮಿ ತಿಂಗಳುಗಟ್ಟಲೆ ಬಂತು. ಚೈನು ಉಳಿಯಿತು, ಕಾಲು ಉಳಿಯಿತು, ಮರ ಉಳಿಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಈ ಅಭ್ಯಾಸದಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಳಗಿದವನು ನನ್ನ ಗಾಡಿಯ ಒಬ್ಬ ಫೈರ್‌ಮನ್. ಮೂವತ್ತೈದರ ಆಸುಪಾಸು, ಎರಡು ಹೆಣ್ಣುಮಕ್ಕಳ ತಂದೆ, ಮಾತಿಗೆ ಮೊದಲು ನಗುವವನು. ನನಗೆ ತಮ್ಮಂದಿರಿಲ್ಲ, ಅವನು ಮೊದಲ ದಿನದಿಂದ ಅಣ್ಣ ಎಂದೇ ಕರೆದ. ನಾನೂ ಬೇರೆಯವರ ಮುಂದೆ ಅವನನ್ನು ನಮ್ಮ ತಮ್ಮ ಎನ್ನುತ್ತಿದ್ದೆ. ಮಿಷನ್ ಕೈಗೆ ಬಂದರೆ ಅವನ ನಗು ನಿಲ್ಲುತ್ತಿತ್ತು, ಕಿವಿ ನಿಮಿರುತ್ತಿತ್ತು.

"ಅಣ್ಣ, ಇದೇನ್ ಮರ ಕೊಯ್ಯೋದೋ, ಬದ್ನೆಕಾಯ್ ಹೆಚ್ಚೋದೋ?" ಎಂದು ಅವನು ಒಮ್ಮೆ ಕೇಳಿದ. ಹೆಂಡತಿಯ ಎಣ್ಣೆಗಾಯಿಯ ಕತೆಯನ್ನು ನಾನೇ ಬಾಯಿ ತಡೆಯದೆ ಹೇಳಿದ್ದೆ.

"ಮುಚ್ಕೊಂಡ್ ಕೊಯ್ಯೋ. ಗೆರೆ ದಾಟುದ್ರೆ ನಿನ್ ಸಂಬ್ಳುದಲ್ಲಿ ಮರ ತರುಸ್ತೀನಿ."

"ಅಯ್ಯೋ ಬುಡಿ ಅಣ್ಣ, ನನ್ ಸಂಬ್ಳುಕ್ಕೆ ಹಲ್ಲುಕಡ್ಡಿನೂ ಬರಲ್ಲ."

ಒಂದು ಮಳೆಗಾಲದಲ್ಲಿ ದಿಮ್ಮಿಯ ಬಣ್ಣವೆಲ್ಲ ತೊಳೆದುಹೋಗಿತ್ತು. ಗೆರೆ ಇಲ್ಲವಲ್ಲ ಎಂದು ನಾನು ಅಭ್ಯಾಸ ರದ್ದು ಮಾಡಹೊರಟರೆ ಅವನು ಮಿಷನ್ ಎತ್ತಿಕೊಂಡೇಬಿಟ್ಟ. ಸರಸರನೆ ಕೊಯ್ದ, ನಿಲ್ಲಿಸಿದ, ಎಳೆದುಕೊಂಡ, ಎರಡು ಹೆಜ್ಜೆ ಹಿಂದೆ ಸರಿದ. ನಾನು ಅಳತೆ ಕಡ್ಡಿ ತೂರಿಸಿ ನೋಡಿದೆ: ಸರಿಯಾಗಿ ಮುಕ್ಕಾಲು. ಇನ್ನೊಂದು, ಮತ್ತೊಂದು, ಮೂರೂ ಹಾಗೇ. ಹೇಗೋ ಎಂದು ಕೇಳಿದರೆ, "ಸದ್ದು ಬದಲಾಗುತ್ತೆ ಅಣ್ಣ, ಅಲ್ಲಿಗ್ ಬಂದ್ರೆ ಕೈ ತಾನೇ ನಿಂತ್ಬುಡುತ್ತೆ" ಎಂದ. ನಾನು ಎಲ್ಲರೆದುರು ಚಪ್ಪಾಳೆ ತಟ್ಟಿದೆ. ಆವತ್ತು ಡ್ಯೂಟಿ ಮುಗಿದ ಮೇಲೆ ಅವನನ್ನು ಕರೆದುಕೊಂಡು ಹೋಗಿ ಸೆಟ್ ದೋಸೆ ತಿನ್ನಿಸಿದೆ. ಜುಗ್ಗ ಬಿಲ್ಲು ಕೊಟ್ಟ ಎಂದು ಠಾಣೆಯಲ್ಲಿ ಎರಡು ದಿನ ಅದೇ ಮಾತು.

ಆಮೇಲೊಮ್ಮೆ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆಂದು ಬಂದರು. ಮಂಚ, ದಿಮ್ಮಿ, ಕೆಂಪು ಗೆರೆ ಎಲ್ಲ ನೋಡಿ ಬಹಳ ಸಂತೋಷಪಟ್ಟರು. ಖರ್ಚಿಲ್ಲದೆ ಇಷ್ಟು ಶಿಸ್ತು ಎಂದು ನನ್ನ ಭುಜ ತಟ್ಟಿದರು. ದಿಮ್ಮಿಯ ಪಕ್ಕ ನಾನು, ಮಿಷನ್ ಹಿಡಿದ ಅವನು, ಫೋಟೋ. ಕೆಲವು ದಿನದಲ್ಲಿ ಬೇರೆ ಠಾಣೆಗಳಿಗೂ ಸುತ್ತೋಲೆ ಹೋಯಿತು, ಕಡಿಮೆ ವೆಚ್ಚದ ಗರಗಸ ಅಭ್ಯಾಸ ಹೀಗೆ ಮಾಡಿ ಎಂದು, ಚಿತ್ರ ಸಮೇತ. ನಾನು ಅದರ ಪ್ರತಿಯನ್ನು ಮನೆಗೆ ತಂದು ಗಾಜಿನ ಬೀರುವಿನಲ್ಲಿ ಇಟ್ಟೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ತಲೆಯಿಂದ ಬಂದದ್ದು ಎಂದು ಹೇಳಿಕೊಳ್ಳಲು ಅದೊಂದೇ ಇತ್ತು.

ಎರಡು ವರ್ಷದ ಹಿಂದಿನ ಏಪ್ರಿಲ್. ಮಧ್ಯಾಹ್ನ ಮೂರೂವರೆಗೆ ಆಕಾಶ ಕಪ್ಪಾಯಿತು, ಧೂಳು ಎದ್ದಿತು, ಆಲಿಕಲ್ಲು ಬಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಜಯಲಕ್ಷ್ಮಿಪುರಂನಿಂದ ಫೋನು: ಮಳೆಮರದ ಕೊಂಬೆ ಆಟೊ ಮೇಲೆ ಬಿದ್ದಿದೆ, ಒಳಗೆ ಡ್ರೈವರ್ ಇದ್ದಾನೆ, ಮಾತಾಡುತ್ತಿದ್ದಾನೆ. ಮಾತಾಡುತ್ತಿದ್ದಾನೆ ಎಂದು ಕೇಳಿದರೆ ನಮಗೆ ಧೈರ್ಯ ಬರುತ್ತದೆ. ಗಾಡಿಯಲ್ಲಿ ಅವನು ನನ್ನ ಪಕ್ಕ ಮಿಷನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಬಟ್ಟೆಯಿಂದ ಅದರ ಹಿಡಿ ಒರೆಸುತ್ತಿದ್ದ.

ಕೊಂಬೆ ಎಂದರೆ ಅದೇ ಒಂದು ಮರದಷ್ಟಿತ್ತು. ಬುಡದಲ್ಲಿ ಮುರಿದು, ಆದರೆ ಪೂರ್ತಿ ಬಿಡದೆ, ತಾಯಿಮರಕ್ಕೆ ಜೋತುಕೊಂಡಿತ್ತು. ನಡು ಭಾಗ ಆಟೊದ ಮೇಲೆ ಕೂತಿತ್ತು. ಆಟೊ ದಾಟಿದ ಮೇಲೆ ಅದರ ತುದಿ, ಎಲೆ ರೆಂಬೆಗಳ ಇಡೀ ಭಾರ, ಮಳೆ ನೀರು ಕುಡಿದು ರಸ್ತೆಯ ಕಡೆಗೆ ಜಗ್ಗುತ್ತಿತ್ತು. ನಾವು ಎರಡು ಊರುಗೋಲು ಕೊಟ್ಟು ನಡುವನ್ನು ತಡೆದು ನಿಲ್ಲಿಸಿದೆವು. ಆ ತುದಿಯ ಭಾರವನ್ನು ಕೊಯ್ದು ರಸ್ತೆಗೆ ಕೆಡವಿದರೆ ಉಳಿದದ್ದು ಹಗುರವಾಗುತ್ತದೆ, ಜಾಕ್ ಇಟ್ಟು ಎತ್ತಿ ಡ್ರೈವರನ್ನು ಎಳೆದುಕೊಳ್ಳಬಹುದು. ಇಂಥ ಕೊಂಬೆ ಸೀಳದಿರಲು ಮೊದಲು ಕೆಳಗಿನಿಂದ ಒಂದಿಷ್ಟು ಕೊಯ್ಯಬೇಕು. ಅಲ್ಲಿ ಮಿಷನ್ ತೂರಿಸಲು ಜಾಗವಿರಲಿಲ್ಲ. ಮೇಲಿನಿಂದಲೇ, ನಿಲ್ಲಿಸದೆ, ಒಂದೇ ಸಲಕ್ಕೆ ಕಳಚಿ ಬೀಳುವ ತನಕ ಕೊಯ್ಯಬೇಕಿತ್ತು. ಅದನ್ನು ನಾನು ಅವನಿಗೆ ಹೇಳಿದೆ. ಅವನು ಹೂಂ ಎಂದ, ಅವನಿಗೂ ಗೊತ್ತಿತ್ತು.

ಅವನು ಕಾಂಪೌಂಡ್ ಗೋಡೆ ಹತ್ತಿ ನಿಂತ. ನಾನು ಆಟೊದ ಪಕ್ಕ ನೆಲದಲ್ಲಿ ಕೂತೆ. ಡ್ರೈವರ್ ಐವತ್ತು ದಾಟಿದವರು, ಹ್ಯಾಂಡಲ್ಲಿಗೂ ಸೀಟಿಗೂ ನಡುವೆ ಸಿಕ್ಕಿದ್ದರು. ಸೊಂಟದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಮುಖದ ಮೇಲೆ ಗಾಜಿನ ಪುಡಿ. ನನ್ನ ಕೈ ಸಿಕ್ಕಿದ್ದೇ ಹಿಡಿದುಕೊಂಡರು.

"ಸಾರ್, ಮಗ್ಳು ಹೆಬ್ಬಾಳದ್ ಫ್ಯಾಕ್ಟ್ರಿಲಿ ಕೆಲ್ಸ ಮಾಡ್ತಾಳೆ. ಶಿಫ್ಟ್ ಬುಟ್ಟಿರ್ತಾರೆ, ಗೇಟ್ ಅತ್ರ ಕಾಯ್ತಿರ್ತಾಳೆ. ನನ್ ಫೋನಿಂದ ಒಂದ್ ಮಾತ್ ಹೇಳ್ಬುಡಿ, ಬಸ್ಸಲ್ ಬಾ ಅಂತ."

"ಐದ್ ನಿಮ್ಷ ಯಜಮಾನ್ರೇ, ನೀವೇ ಹೇಳೋರಂತೆ" ಎಂದೆ. ಆ ಫೋನು ನಾನು ಮಾಡಲಿಲ್ಲ.

ಮಿಷನ್ ಗುರ್ ಎಂದಿತು. ಹಸಿ ಮರದ ಪುಡಿ ನಮ್ಮಿಬ್ಬರ ಮೇಲೂ ಉದುರಿತು. ನಾನು ಡ್ರೈವರ ಮುಖಕ್ಕೆ ಹೆಲ್ಮೆಟ್ ಅಡ್ಡ ಹಿಡಿದೆ. ಮಿಷನ್ನಿನ ಸದ್ದು ಗಡುಸಾಯಿತು, ಇಳಿಯಿತು, ಮತ್ತೆ ಗಡುಸಾಯಿತು. ಆಮೇಲೆ ನಿಂತಿತು.

ನಾನು ತಲೆಯೆತ್ತಿದೆ. ಅವನು ಗರಗಸವನ್ನು ಹೊರಕ್ಕೆ ಎಳೆದುಕೊಂಡಿದ್ದ. ಗೋಡೆಯ ಮೇಲೆ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಅಷ್ಟು ಚೆಂದವಾಗಿ, ಅಷ್ಟು ಅಚ್ಚುಕಟ್ಟಾಗಿ, ನಾನು ಚಪ್ಪಾಳೆ ತಟ್ಟಿದ ದಿನ ನಿಂತ ಹಾಗೆಯೇ ನಿಂತಿದ್ದ. ಮುಂದಿನವನು ಬಂದು ದಿಮ್ಮಿ ಹೊರಳಿಸಲಿ ಎಂದು ಕಾಯುವವನ ಹಾಗೆ. ಏನಾಯಿತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಕೊಯ್ಯೋ ಎಂದು ಕೂಗಿದೆ, ಅವನು ಬೆಚ್ಚಿ ಮಿಷನ್ ಮತ್ತೆ ಎತ್ತಿದ. ಅಷ್ಟು ಹೊತ್ತಿಗೆ ತಡವಾಗಿತ್ತು.

ಮಂಚದ ಮೇಲಿನ ದಿಮ್ಮಿಯ ಮೇಲೆ ಯಾವ ಭಾರವೂ ಇರುವುದಿಲ್ಲ, ಮುಕ್ಕಾಲು ಕೊಯ್ದು ಬಿಟ್ಟರೆ ಅದು ವರ್ಷವಿಡೀ ಹಾಗೇ ಮಲಗಿರುತ್ತದೆ. ತುದಿ ಜಗ್ಗುವ ಕೊಂಬೆ ಹಾಗಲ್ಲ. ಉಳಿದ ಕಾಲು ಭಾಗ ಭಾರ ತಾಳದೆ, ಅಡ್ಡಕ್ಕೆ ಮುರಿಯದೆ, ಸೌದೆ ಸೀಳಿದ ಹಾಗೆ ಉದ್ದಕ್ಕೆ ಸೀಳಿಕೊಂಡಿತು. ತುದಿ ಕಳಚಿ ಬೀಳಲಿಲ್ಲ. ಸೀಳಿಗೆ ಜೋತುಬಿದ್ದು ಇಡೀ ಕೊಂಬೆಯನ್ನು ತಿರುಚಿ, ತಾಯಿಮರದಿಂದ ಬಿಡಿಸಿಕೊಂಡು ಕೆಳಗೆಳೆಯಿತು. ಊರುಗೋಲುಗಳು ಜಾರಿದವು. ಯಾರೋ ಹಿಂದಿನಿಂದ ನನ್ನ ಕಾಲರ್ ಹಿಡಿದು ಎಳೆದರು, ಅದಕ್ಕೆ ನಾನು ಉಳಿದೆ. ಡ್ರೈವರ ಕೈ ನನ್ನ ಕೈಯಿಂದ ಕಳಚಿತು. ಐದು ನಿಮಿಷ ಎಂದಿದ್ದೆ, ಐದು ನಿಮಿಷವೂ ಆಗಿರಲಿಲ್ಲ.

ಅವರನ್ನು ಹೊರಗೆ ತೆಗೆಯಲು ಇನ್ನೂ ಒಂದು ಗಂಟೆ ಬೇಕಾಯಿತು. ಆಗ ಅವಸರವಿರಲಿಲ್ಲ.

ವಿಚಾರಣೆ ಎಂದು ಒಂದು ನಡೆಯಿತು. ಗಾಳಿ, ಮಳೆ, ಹಳೆಯ ಮರ, ಪ್ರಕೃತಿ ವಿಕೋಪ. ಸಿಬ್ಬಂದಿ ತಮ್ಮ ಜೀವದ ಹಂಗು ತೊರೆದು ಶ್ರಮಿಸಿದರು ಎಂದು ಬರೆದರು. ನನ್ನ ಹೇಳಿಕೆಯಲ್ಲಿ, ಕೊಯ್ಯುವಾಗ ಕೊಂಬೆ ಅನಿರೀಕ್ಷಿತವಾಗಿ ಸೀಳಿತು ಎಂದು ಬರೆದು ಸಹಿ ಹಾಕಿದೆ. ಅನಿರೀಕ್ಷಿತ ಎಂಬುದನ್ನೂ ಅಂದವಾಗಿಯೇ ಬರೆದೆ. ನನ್ನ ಅಕ್ಷರ ಮೊದಲಿನಿಂದಲೂ ದುಂಡಗೆ.

ಘಟನೆಯ ಮೂರನೆಯ ದಿನ ಬೆಳಗ್ಗೆ ಅವನು ಠಾಣೆಯ ಹಿಂದೆ ಮಿಷನ್ ಬಿಚ್ಚಿ ಒರೆಸುತ್ತ ಕೂತಿದ್ದ. ನಾನು ಹತ್ತಿರ ಹೋದೆ. ಅವನು ತಲೆಯೆತ್ತದೆ ಕೇಳಿದ, "ಅಣ್ಣ, ನಾನ್ಯಾಕೆ ನಿಲ್ಲಿಸ್ದೆ?"

ಎದುರಿಗೇ ಮಂಚ, ಅದರ ಮೇಲೆ ದಿಮ್ಮಿ, ಅದರ ಮೈಯೆಲ್ಲ ಮುಕ್ಕಾಲು ಗಾಯ. ಕೆಂಪು ಗೆರೆ ಹೊಸದಾಗಿ ಬಳಿದು ತಿಂಗಳೂ ಆಗಿರಲಿಲ್ಲ. ಕುರುಡನಿಗೂ ಕಾಣುವಂತಿತ್ತು. ಆದರೆ ಅವನಿಗೆ ಕಾಣಲಿಲ್ಲ, ಯಾಕೆಂದರೆ ಅದು ಅವನ ಕಣ್ಣಲ್ಲಿರಲಿಲ್ಲ, ಕೈಯಲ್ಲಿತ್ತು. ನನ್ನ ಬಾಯಿಯ ತನಕ ಮಾತು ಬಂತು. ಹೇಳಿದ್ದರೆ ಏನಾಗುತ್ತಿತ್ತು? ಸುತ್ತೋಲೆ, ಫೋಟೋ, ಬೀರುವಿನ ಕಾಗದ. ಜೊತೆಗೆ ಆ ಡ್ರೈವರ್. ಅವರನ್ನು ಕೊಂದದ್ದು ಗಾಳಿಯಲ್ಲ, ನಾನು ಉಳಿಸಿದ ಮರ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

"ಸುಸ್ತಾಗಿತ್ತು ಕಣೋ. ಮಳೆ ಬೇರೆ. ಆಗುತ್ತೆ, ಬುಡು" ಎಂದೆ.

ಅವನು ತಲೆಯಾಡಿಸಿದ. ಅದಾದ ಮೇಲೆ ಅವನು ಮಿಷನ್ ಮುಟ್ಟಲಿಲ್ಲ. ಫೋನು ಎತ್ತಿಕೊಂಡು ವಿಳಾಸ ಬರೆದುಕೊಳ್ಳುವ ವಾಚ್ ರೂಮಿನ ಕೆಲಸ ಕೇಳಿ ಪಡೆದ. ಠಾಣೆಯಲ್ಲಿ ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಅವನೂ ನಗುವುದನ್ನು ಬಿಟ್ಟ. ಊಟದ ಡಬ್ಬಿ ತೆಗೆದರೆ ಎಲ್ಲರ ಜೊತೆ ಕೂರುತ್ತಿರಲಿಲ್ಲ, ಫೋನಿನ ಮುಂದೆಯೇ ತಿನ್ನುತ್ತಿದ್ದ. ನಾನು ಒಳಗೆ ಹೋದರೆ ಎದ್ದು ನಿಲ್ಲುತ್ತಿದ್ದ, ಅಣ್ಣ ಕೂತ್ಕೊಳಿ ಎನ್ನುತ್ತಿದ್ದ. ನಾನು ಕೂರದೆ ಏನೋ ಕೆಲಸದ ನೆಪ ಹೇಳಿ ಹೊರಡುತ್ತಿದ್ದೆ.

ನಾನು ಸುಮ್ಮನೆ ಇರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಆಸೆ. ಸುಮ್ಮನೇ ಇದ್ದೆ. ದಿಮ್ಮಿಯ ಗೆರೆಯನ್ನು ಸೀಮೆಎಣ್ಣೆ ಹಚ್ಚಿ ಉಜ್ಜಿದೆ, ಪೂರ್ತಿ ಹೋಗಲಿಲ್ಲ. ಏನೇನೋ ಕಾರಣ ಹೇಳಿ ಅಭ್ಯಾಸ ನಿಲ್ಲಿಸಿದೆ. ಮಂಚದ ಮೇಲೆ ದಿಮ್ಮಿಗೆ ಅಣಬೆ ಬಂತು. ಹುಡುಗರು ಮತ್ತೆ ಮುಖ ತಿರುಗಿಸಿಕೊಂಡು ಕೊಯ್ಯಲು ಶುರುಮಾಡಿದರು. ಅವರಿಗೆ ಮೊದಲು ಏನೂ ಗೊತ್ತಿರಲಿಲ್ಲ, ಆಮೇಲೆ ತಪ್ಪಾಗಿ ಕಲಿತರು, ಈಗ ಅದೂ ಇಲ್ಲ. ಮುಂದಿನ ಏಪ್ರಿಲ್‌ನಲ್ಲಿ ಗಾಳಿ ಎದ್ದರೆ ಫೋನು ಬರುವ ಮೊದಲೇ ಎದ್ದು ನಿಲ್ಲುತ್ತಿದ್ದೆ. ಎಲ್ಲಾದರೂ ಆಟೊ ಹತ್ತಿದರೆ ಡ್ರೈವರ ಕತ್ತಿನ ಹಿಂಭಾಗ ನೋಡಲಾಗುತ್ತಿರಲಿಲ್ಲ. ಹೆಬ್ಬಾಳದ ಬಸ್ಸು ಕಂಡರೆ, ಕೆಲಸ ಮುಗಿಸಿ ನಿಂತೇ ಬರುವ ಹೆಣ್ಣುಮಕ್ಕಳ ಪೈಕಿ ಆ ಡ್ರೈವರ ಮಗಳು ಯಾರು ಎಂದು ಕಣ್ಣು ಹುಡುಕುತ್ತಿತ್ತು. ಅವಳ ಮುಖ ನಾನು ಕಂಡದ್ದೇ ಇಲ್ಲ, ಹೀಗಾಗಿ ಎಲ್ಲರೂ ಅವಳೇ ಆಗಿದ್ದರು.

ನಿವೃತ್ತಿಗೆ ಎರಡು ತಿಂಗಳಿರುವಾಗ ಬೇರೊಂದು ಊರಿನ ಠಾಣೆಗೆ ಕೆಲಸದ ಮೇಲೆ ಹೋದೆ. ಹಿತ್ತಿಲಲ್ಲಿ ಅದೇ ಮಂಚ, ಅದೇ ದಿಮ್ಮಿ. ಗೆರೆ ಹೊಚ್ಚ ಹೊಸದು, ನನ್ನದಕ್ಕಿಂತ ನೇರವಾಗಿತ್ತು. ಒಬ್ಬ ಕೊಯ್ದ, ನಿಲ್ಲಿಸಿದ, ಎಳೆದುಕೊಂಡ, ಎರಡು ಹೆಜ್ಜೆ ಹಿಂದೆ ಸರಿದ. ಅಲ್ಲಿನ ಮೇಸ್ತ್ರಿಗೆ, ಹೀಗೆ ಕಲಿಸಬೇಡಿ, ಗೆರೆ ದಾಟಿ ಪೂರ್ತಿ ಕೊಯ್ಯಿಸಿ, ನಿಲ್ಲುವುದು ಕೈಗೆ ಅಂಟಿಕೊಂಡುಬಿಡುತ್ತದೆ ಎಂದೆ. ಅವನು ನನ್ನನ್ನು ಗುರುತು ಹಿಡಿಯಲಿಲ್ಲ.

"ಸುತ್ತೋಲೇಲಿ ಇಂಗೇ ಐತಲ್ಲ ಸಾರ್" ಎಂದ. "ಪೂರ್ತಿ ಕೊಯ್ಸುದ್ರೆ ನಾಳೀಕ್ ಮರ ಎಲ್ಲಿಂದ ತರೋದು, ನೀವೇ ಹೇಳಿ."

ಅದೇ ಮಾತನ್ನು ನಾನೇ ಹುಟ್ಟುಹಾಕಿದ್ದೆ. ಮೈಸೂರಿಗೆ ಬಂದ ಮೇಲೆ ಅಧಿಕಾರಿಯ ಮುಂದೆ ನಿಂತು ಎಲ್ಲ ಬಿಡಿಸಿ ಹೇಳಿದೆ, ಆ ದಿನದ ಆಟೊ ಸಮೇತ. ಅವರು ಕೇಳಿಸಿಕೊಂಡರು, ಕೆಟ್ಟವರಲ್ಲ. ಆ ಫೈಲು ಮುಗಿದಿದೆ, ನಿಮಗೂ ಇನ್ನೆರಡು ತಿಂಗಳು, ಈಗ ಯಾಕೆ ಕೆದಕುತ್ತೀರಿ, ಮನೆಗೆ ನೆಮ್ಮದಿಯಾಗಿ ಹೋಗಿ ಎಂದರು. ಸುತ್ತೋಲೆಯ ವಿಷಯ ನೋಡೋಣ ಎಂದರು. ನೋಡೋಣ ಎಂದರೆ ಏನೆಂದು ಸರ್ಕಾರಿ ನೌಕರನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯ ದಿನ ಠಾಣೆಯಲ್ಲಿ ಹಾರ, ಶಾಲು, ಖಾರಾಬಾತ್ ಕೇಸರಿಬಾತ್ ಎಲ್ಲ ಆಯಿತು. ಭಾಷಣದಲ್ಲಿ ಮತ್ತೆ ಆ ದಿಮ್ಮಿಯ ಅಭ್ಯಾಸವನ್ನೇ ಹೊಗಳಿದರು. ನಾನು ಹಾರ ಹಾಕಿಕೊಂಡೇ ವಾಚ್ ರೂಮಿಗೆ ಹೋದೆ. ಅವನು ಎದ್ದು ನಿಂತ.

"ಅಣ್ಣ, ಕೂತ್ಕೊಳಿ."

ಈ ಸಲ ಕೂತೆ. ಹೇಳಿದೆ. ಆವತ್ತು ನೀನು ಕೇಳಿದೆಯಲ್ಲ, ಯಾಕೆ ನಿಲ್ಲಿಸಿದೆ ಎಂದು. ನಿನ್ನ ಕೈ ಗೆರೆಗೆ ನಿಂತಿತು, ಆ ಗೆರೆ ಎಳೆದವನು ನಾನು, ನಿನಗೆ ಅದನ್ನು ಕೈಗೆ ಹತ್ತುವ ತನಕ ಕಲಿಸಿದವನು ನಾನು, ನೀನು ಮಿಷನ್ ಎಳೆದುಕೊಂಡ ಆ ಕ್ಷಣವೇ ನನಗೆ ಗೊತ್ತಾಗಿತ್ತು ಎಂದೆ. ಅವನು ಬೈಯಲಿ ಎಂದು ಕಾದೆ. ಅಳುತ್ತಾನೆ ಎಂದೂ ಅಂದುಕೊಂಡಿದ್ದೆ. ಬಹುಶಃ ಹೋಗ್ಲಿ ಬುಡಿ ಅಣ್ಣ ಎಂದಾನು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಬೆರಳು ಮಡಿಸಿದ, ಬಿಡಿಸಿದ.

"ನಾನು ಹೆದ್ರುಬುಟ್ಟೆ ಅಂದ್ಕೊಂಡಿದ್ದೆ" ಎಂದ. "ಆ ಮನುಷ್ಯ ಕೆಳ್ಗಡೆ ಮಾತಾಡ್ತಿದ್ದದ್ದು ಕೇಳಿ ಎದೆ ಒಡ್ದು ನಿಲ್ಲಿಸ್ಬುಟ್ಟೆ ಅಂತ. ಎರಡ್ ವರ್ಷ. ಹೆಂಡ್ತಿಗೂ ಅಂಗೇ ಹೇಳಿದೀನಿ. ಮಕ್ಳು ಕೇಳುದ್ವು, ಅಪ್ಪ ನೀವ್ಯಾಕೆ ಈಗ ಗಾಡೀಲಿ ಹೋಗಲ್ಲ ಅಂತ. ನಿಮ್ಮಪ್ಪ ಪುಕ್ಲ ಕಣಮ್ಮ ಅಂದೆ."

ಡ್ರೈವರ ಸಾವು ನನ್ನ ಲೆಕ್ಕಕ್ಕೆ ಎಂದು ನಾನು ಎರಡು ವರ್ಷ ಹೊತ್ತಿದ್ದೆ, ಅದನ್ನೇ ದೊಡ್ಡ ಹೊರೆ ಎಂದುಕೊಂಡಿದ್ದೆ. ಇವನು ಇಲ್ಲಿ, ನನ್ನ ಕಣ್ಣೆದುರು, ನನ್ನ ಒಂದು ಮಾತಿಗಾಗಿ ದಿನಾ ಸವೆಯುತ್ತ ಕೂತಿದ್ದು ನನಗೆ ಹೊಳೆಯಲೇ ಇಲ್ಲ. ಮರ ಉಳಿಸಿದವನು ಮಾತನ್ನೂ ಖರ್ಚು ಮಾಡದೆ ಉಳಿಸಿಕೊಂಡುಬಿಟ್ಟಿದ್ದೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನು ಎತ್ತಿಕೊಂಡ, ಹೇಳಿ ಎಂದ, ವಿಳಾಸ ಬರೆದುಕೊಂಡ, ಯಾರಾದರೂ ಸಿಕ್ಕಿಕೊಂಡಿದ್ದಾರಾ ಎಂದು ಕೇಳಿದ, ಬೆಲ್ ಒತ್ತಿದ. ಹೊರಗೆ ಗಾಡಿ ಹೊರಟ ಸದ್ದಾಯಿತು. ನಾನು ಹಾರ ಕತ್ತಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಎದ್ದೆ. ಬಾಗಿಲ ಬಳಿ ನಿಂತು ಬರ್ತೀನಿ ಕಣೋ ಎಂದೆ. ಅವನು ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ.

"ಸರಿ ಸಾರ್" ಎಂದ.

ಅದಕ್ಕೆ ಮೊದಲು ಅವನು ನನ್ನನ್ನು ಎಂದೂ ಸಾರ್ ಎಂದಿರಲಿಲ್ಲ.